ಇನ್ನೊಂದು ಹಿಡಿ ಅಕ್ಕಿ

ಆಸ್ಪತ್ರೆಯಲ್ಲಿ ಅಮ್ಮ ನನಗೆ ಗಂಜಿ ಕುಡಿಸಿದ್ದು ಚೆನ್ನಾಗಿ ನೆನಪಿದೆ. ಸ್ಟೀಲ್ ಬಟ್ಟಲು, ಅದರ ಅಂಚಿನಲ್ಲೊಂದು ತಗ್ಗು, ಗಂಜಿಯ ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಪಕ್ಕಕ್ಕೆ ಸರಿಸುವ ಅವಳ ಕೈ. ಬೆಳಗಿನ ಬಿಸಿಲು ಮಂಚದ ಕಾಲಿನ ಹತ್ತಿರ ಬಿದ್ದಿತ್ತು. ಅರ್ಧ ಕುಡಿದ ಮೇಲೆ ನಾನು, "ಸಾಕಮ್ಮ, ಮಿಕ್ಕಿದ್ದು ನೀನು ಕುಡಿ," ಅಂದೆ. ಅವಳು ನಕ್ಕಳು.

ಆ ಹೊತ್ತಿಗೆ ಅಮ್ಮ ತೀರಿಕೊಂಡು ಹನ್ನೆರಡು ದಿನವಾದರೂ ಆಗಿತ್ತು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಬಂದದ್ದು ಮಿದುಳಿನ ಪೊರೆಗೆ ತಗುಲುವ ಕ್ಷಯ. ಜೀವ ಉಳಿಯಿತು, ಕೈಕಾಲು ಉಳಿದವು, ಆದರೆ ಸುಮಾರು ಎರಡು ತಿಂಗಳ ನೆನಪು ಇಲಿ ಕಡಿದ ಬಟ್ಟೆಯ ಹಾಗೆ ಆಯಿತು. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಕೆಲವು ನಾನು ಕಂಡದ್ದು, ಬಹಳಷ್ಟು ನನ್ನ ಹೆಂಡತಿ ಕರುಣಾ ಹೇಳಿದ್ದು, ಇನ್ನು ಕೆಲವು ಆಸ್ಪತ್ರೆಯ ಕಾಗದದಲ್ಲಿ ಓದಿದ್ದು. ಯಾವುದು ಯಾವುದೆಂದು ಆದಷ್ಟು ಹೇಳುತ್ತ ಹೋಗುತ್ತೇನೆ. ಕಾಯಿಲೆಯಿಂದ ಎದ್ದು ಕೂತು, ಮನೆಯವರು ಹೇಳುವುದಕ್ಕೂ ತಮ್ಮ ತಲೆಯೊಳಗಿರುವುದಕ್ಕೂ ತಾಳೆಯಾಗದೆ ಒದ್ದಾಡುತ್ತಿರುವವರು ಯಾರಾದರೂ ಇದ್ದರೆ, ಅವರ ಪಕ್ಕದಲ್ಲಿ ಒಂದಿಷ್ಟು ಹೊತ್ತು ಕೂತಂತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾವು ಕೋಲಾರದ ಕಡೆಯ ಕ್ರೈಸ್ತರು. ಅಪ್ಪ ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದು, ನಾನು ಓದುತ್ತಿದ್ದಾಗಲೇ ಹೋದರು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಪಾಠ ಮಾಡುವ ಕೆಲಸ ಸಿಗದೆ, ಹೊಸೂರಿನ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯ ಕ್ವಾಲಿಟಿ ವಿಭಾಗ ಸೇರಿದೆ. ಅಳೆಯುವುದು, ಸರಿ ಇದ್ದರೆ ಬಿಡುವುದು, ಕೂದಲೆಳೆ ಹೆಚ್ಚುಕಮ್ಮಿ ಇದ್ದರೂ ಕೆಂಪು ಗುರುತು ಹಾಕಿ ತಿರಸ್ಕರಿಸುವುದು ನನ್ನ ಕೆಲಸ. ದೇವರ ವಿಷಯದಲ್ಲೂ ನಾನು ಇದೇ ಅಳತೆಗೋಲು ಹಿಡಿದಿದ್ದೆ. ಚರ್ಚಿಗೆ ಹೋಗುತ್ತಿದ್ದೆ. ತಮಿಳು ಆರಾಧನೆ ಮುಗಿದ ಮೇಲೆ ಅದೇ ಬೆಂಚುಗಳಲ್ಲಿ ನಮ್ಮ ನಲವತ್ತು ಜನರ ಕನ್ನಡ ಆರಾಧನೆ. ಹೋಗುತ್ತಿದ್ದದ್ದು ಅಮ್ಮನಿಗಾಗಿ, ಆಮೇಲೆ ಕರುಣಾಳಿಗಾಗಿ. ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ನಾನು ಕಣ್ಣು ಬಿಟ್ಟು ಯಾರು ಯಾರು ಕಣ್ಣು ಮುಚ್ಚಿದ್ದಾರೆಂದು ನೋಡುತ್ತಿದ್ದೆ.

ಅಮ್ಮನ ಹೆಸರು ರಾಹೇಲಮ್ಮ. ಅವಳಿಗೊಂದು ಮಣ್ಣಿನ ಮಡಕೆಯಿತ್ತು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮೊದಲು, ಅದರಿಂದಲೇ ಒಂದು ಹಿಡಿ ತೆಗೆದು "ಸ್ತೋತ್ರ ಸ್ವಾಮಿ" ಅಂದು ಆ ಮಡಕೆಗೆ ಹಾಕುತ್ತಿದ್ದಳು. ಸ್ತೋತ್ರ ಅಂದರೆ ನಮ್ಮವರಲ್ಲಿ ದೇವರಿಗೆ ಹೇಳುವ ಕೃತಜ್ಞತೆ. ತಿಂಗಳ ಮೊದಲ ಭಾನುವಾರ ಆ ಅಕ್ಕಿ ಚರ್ಚಿಗೆ ಹೋಗುತ್ತಿತ್ತು. ಅಲ್ಲಿ ಎಲ್ಲರ ಮನೆಯ ಅಕ್ಕಿ ಒಟ್ಟು ಸೇರಿ, ಪಾದ್ರಿ ಅಯ್ಯನವರು ಪ್ರಾರ್ಥನೆ ಮಾಡಿದ ಮೇಲೆ, ಕಷ್ಟದಲ್ಲಿರುವ ಮನೆಗಳಿಗೆ ಹೋಗುತ್ತಿತ್ತು. ನಮ್ಮವರಲ್ಲಿ ಇದು ಹಳೆಯ ರೂಢಿ, ಹಿಡಿ ಅಕ್ಕಿ ಅನ್ನುತ್ತೇವೆ. ಹೊಸೂರಿನ ಮಗ್ಗುಲ ಮತ್ತಿಗಿರಿಯ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದಾಗ ಆ ಮಡಕೆ ಒಲೆಯ ಪಕ್ಕದಲ್ಲೇ ಇರುತ್ತಿತ್ತು.

ಆಮೇಲೆ ನಮಗೆ ಅನುಕೂಲವಾಯಿತು. ಅದೇ ಮತ್ತಿಗಿರಿಯಲ್ಲಿ ಸ್ವಂತ ಮನೆ ಕಟ್ಟಿದೆವು. ಅಡುಗೆಮನೆಗೆ ಕರಿ ಗ್ರಾನೈಟ್ ಹಾಕಿಸಿದೆ. ಅದರ ಮೇಲೆ ಮಸಿ ಹಿಡಿದ ಮಡಕೆ ನೋಡಿ ನನಗೆ ಕಸಿವಿಸಿ.

"ಇರುವೆ ಬರುತ್ತಮ್ಮ. ಇನ್ಮೇಲೆ ಇದೆಲ್ಲ ಬೇಡ. ತಿಂಗಳಿಗೊಂದು ಅಕ್ಕಿ ಮೂಟೆ ನಾನೇ ಚರ್ಚಿಗೆ ಕಳಿಸ್ತೀನಿ," ಅಂದೆ.

"ಅದು ನಿನ್ನ ಮೂಟೆ ಕಣ್ಲಾ. ಇದು ಬಾಯಿಂದ ತೆಗ್ದಿದ್ದು," ಅಂದಳು ಅಮ್ಮ.

"ದೇವರಿಗೆ ಯಾವುದು ಹೆಚ್ಚು ತೂಕ?"

"ನೀನು ತೂಕ ಮಾಡೋನು, ನೀನೇ ಹೇಳು."

ಅವಳು ಹೆಚ್ಚು ವಾದಿಸಲಿಲ್ಲ. ಮಡಕೆ ಮೆಟ್ಟಿಲ ಕೆಳಗೆ, ಹಳೆಯ ಚಾಪೆಗಳ ಹಿಂದೆ ಹೋಯಿತು. ನಾನು ಮೂರು ತಿಂಗಳು ಮೂಟೆ ಕಳಿಸಿದೆ. ನಾಲ್ಕನೇ ತಿಂಗಳು ಮರೆತೆ. ಐದನೆಯದೂ ಮರೆತೆ. ಆಗ ನನ್ನ ನೆನಪಿಗೆ ಯಾವ ಕಾಯಿಲೆಯೂ ಇರಲಿಲ್ಲ.

ತಲೆನೋವು ಶುರುವಾದದ್ದು ಗೃಹಪ್ರವೇಶದ ಪ್ರಾರ್ಥನೆ ಆಗಿ ಎರಡು ವರ್ಷದ ನಂತರ. ಸಂಜೆ ಹೊತ್ತು ಸಣ್ಣ ಜ್ವರ, ಬೆಳಿಗ್ಗೆ ವಾಂತಿ. ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ಮಾತ್ರೆ ತೆಗೆದುಕೊಂಡು ಮೂರು ವಾರ ಕೆಲಸಕ್ಕೆ ಹೋದೆ. ಊರಾಚೆಯ ಸಾನಮಾವಿನ ಕಾಡಿನಿಂದ ಆನೆಗಳು ಇಳಿದು ಕಾರ್ಖಾನೆಯ ಬಸ್ಸು ಒಂದು ಗಂಟೆ ನಿಂತಿತ್ತು, ಆ ದಿನ ಕುತ್ತಿಗೆ ಬಗ್ಗಿಸಲು ಆಗದೆ ಬಸ್ಸಿನಲ್ಲೇ ನರಳಿದೆ ಎಂದು ನೆನಪು. ಆನೆ ಬಂದದ್ದು ಅದೇ ದಿನವೋ ಬೇರೆ ದಿನವೋ, ಹೇಳಲಾರೆ. ಕಾರ್ಖಾನೆಯಲ್ಲಿ ಆದದ್ದನ್ನು ಆಮೇಲೆ ಜೊತೆಯವರು ಹೇಳಿದರು. ಒಂದು ಟ್ರೇ ತುಂಬ ಇದ್ದ ಒಳ್ಳೆಯ ಮಾಲಿಗೆಲ್ಲ ನಾನು ಕೆಂಪು ಗುರುತು ಹಾಕಿದ್ದೆನಂತೆ. ಮೇಲಿನವರು ತಮಿಳಿನಲ್ಲಿ ಏಕೆಂದು ಕೇಳಿದರೆ ತೆಲುಗಿನಲ್ಲಿ ಉತ್ತರ ಕೊಟ್ಟೆನಂತೆ. ಮಧ್ಯಾಹ್ನ ಕ್ಯಾಂಟೀನಿನ ಕೈತೊಳೆಯುವ ಜಾಗದಲ್ಲಿ ಬಿದ್ದೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಬೆನ್ನುಮೂಳೆಯಿಂದ ನೀರು ತೆಗೆದರು, ಸ್ಕ್ಯಾನ್ ಮಾಡಿದರು, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು. ಕರುಣಾ ಹೊರಗಿನ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಉಳಿದಳು. ಅಲ್ಲಿ ಯಾರಿಗೂ ಹೆಸರಿರಲಿಲ್ಲ, ಮಂಚದ ಸಂಖ್ಯೆ ಅಷ್ಟೆ. "ಹನ್ನೊಂದರ ಕಡೆಯವರು ಯಾರು?" ಎಂದು ಕೂಗಿದರೆ ಇವಳು ಓಡಬೇಕು. ಔಷಧಿ ಚೀಟಿಯೋ, ರಕ್ತದ ಚೀಟಿಯೋ, ಕೊನೆಯ ಸುದ್ದಿಯೋ, ಹತ್ತಿರ ಹೋಗುವ ತನಕ ಗೊತ್ತಿಲ್ಲ. ಆರೇಳು ವಾರ ಹಾಗೆ ಓಡಿದವಳು ಮನೆಗೆ ಬಂದ ಮೇಲೂ ಯಾರಾದರೂ ಗಟ್ಟಿಯಾಗಿ ಕರೆದರೆ ಕೈಯಲ್ಲಿದ್ದದ್ದನ್ನು ಬಿಟ್ಟು ನಿಂತುಬಿಡುತ್ತಿದ್ದಳು.

ಅಮ್ಮ ಆಸ್ಪತ್ರೆಗೆ ಬಂದದ್ದು ಒಂದೇ ಸಲ, ನಾನು ಸೇರಿದ ಒಂಬತ್ತನೆಯ ದಿನ. ಹದಿನಾರನೆಯ ದಿನ ಬೆಳಿಗ್ಗೆ ಮತ್ತಿಗಿರಿಯ ಮನೆಯ ಅಡುಗೆಮನೆಯಲ್ಲಿ ಕುಸಿದು ಬಿದ್ದಳು. ಪಕ್ಕದ ಮನೆಯವರು ನೋಡುವ ಹೊತ್ತಿಗೆ ಮುಗಿದಿತ್ತು. ಊರಿನಲ್ಲಿ ಅಪ್ಪನ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಕರುಣಾ ಮಣ್ಣಿಗೆ ಹೋಗಿ ಅದೇ ದಿನ ಸಂಜೆ ಆಸ್ಪತ್ರೆಗೆ ವಾಪಸಾದಳು. ಆ ಹೊತ್ತೆಲ್ಲ ನನ್ನನ್ನು ನೋಡಿಕೊಂಡವರು ಹತ್ತನೇ ಮಂಚದ ರೋಗಿಯ ಅಣ್ಣ, ಒಬ್ಬ ಸಾಬರು. ಅವರ ಹೆಸರನ್ನೂ ಕೇಳಿಟ್ಟುಕೊಂಡಿಲ್ಲ.

ಸ್ವಲ್ಪ ಎಚ್ಚರ ಬಂದಾಗ ನಾನು ಅಮ್ಮನನ್ನು ಕೇಳಿದೆನಂತೆ. ಕರುಣಾ ಸುಳ್ಳು ಹೇಳುವವಳಲ್ಲ, ಕೈ ಹಿಡಿದು ಇದ್ದದ್ದು ಹೇಳಿದಳು. ನಾನು ಎದೆ ಹೊಡೆದುಕೊಂಡು ಅತ್ತೆನಂತೆ. ಮಾರನೆಯ ದಿನ ಮತ್ತೆ ಕೇಳಿದೆ, "ಅಮ್ಮ ಎಲ್ಲಿ?" ಅವಳು ಮತ್ತೆ ಹೇಳಿದಳು. ಮತ್ತೆ ಅದೇ ಅಳು. ಹೀಗೆ ನಾಲ್ಕು ಸಲ. ನಾಲ್ಕನೇ ಸಲ ವಾರ್ಡಿನ ಆಯಾ ಅವಳನ್ನು ಹೊರಗೆ ಕರೆದು, "ಸಾಕು ಬುಡಮ್ಮ. ದಿನಾ ದಿನಾ ಅವ್ರಮ್ಮನ್ನ ಎಷ್ಟು ಸಲ ಸಾಯಿಸ್ತೀಯ," ಅಂದಳಂತೆ. ಐದನೇ ದಿನ ನಾನು ಕೇಳಿದಾಗ ಕರುಣಾ, "ಅತ್ತೆ ಅಕ್ಕಿ ಕೊಡೋಕೆ ಚರ್ಚಿಗೆ ಹೋಗವ್ರೆ," ಅಂದಳು. ನಾನು ಸುಮ್ಮನಾದೆ.

ನಾಲ್ಕು ಸಲ ಅತ್ತದ್ದರಲ್ಲಿ ಒಂದೂ ನನಗೆ ನೆನಪಿಲ್ಲ. ನೆನಪಿರುವುದು ಅವಳು ಐದನೆಯ ಸಲ ಹೇಳಿದ್ದು. ಮನೆಗೆ ಕರೆತಂದ ದಿನ ಬಾಗಿಲಲ್ಲಿ ನಿಂತು, "ಅಮ್ಮ ಇನ್ನೂ ಚರ್ಚಿಂದ ಬಂದಿಲ್ವಾ?" ಅಂದೆ. ಕರುಣಾ ಕೈಯಲ್ಲಿದ್ದ ಚೀಲಗಳನ್ನು ಒಂದೊಂದಾಗಿ ಕೆಳಗಿಟ್ಟಳು. ಎಲ್ಲ ಇಟ್ಟ ಮೇಲೆ ಹೇಳಿದಳು. ಅವಳ ಮುಖದಲ್ಲಿ ಆ ಮಾತನ್ನು ಹಲವು ಸಲ ಹೇಳಿದ ದಣಿವಿತ್ತು. ನಾನು ಒಳಗೆ ಹೋಗಿ ಅಡುಗೆಮನೆ ನೋಡಿದೆ. ಕರಿ ಗ್ರಾನೈಟ್ ಮೇಲೆ, ಒಲೆಯ ಪಕ್ಕದಲ್ಲಿ, ಅಮ್ಮನ ಮಡಕೆ ಇತ್ತು. ಒಳಗೆ ಒಂದಿಷ್ಟು ಅಕ್ಕಿ.

"ಇದನ್ನ ಯಾರು ಇಲ್ಲಿಟ್ಟಿದ್ದು?"

"ಅತ್ತೆ," ಅಂದಳು. ಯಾವಾಗ, ಏಕೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಾತ್ರೆಗಳನ್ನು ಒಂದೂವರೆ ವರ್ಷ ನುಂಗಬೇಕಿತ್ತು. ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಹಿಡಿ, ಉಚ್ಚೆಯೆಲ್ಲ ಕಿತ್ತಳೆ ಬಣ್ಣ. ಮುಖ ಕುಂಬಳಕಾಯಿಯಂತೆ ಊದಿತು. ಕ್ಷಯ ಎಂದು ತಿಳಿದ ಮೇಲೆ ಬೀದಿಯಲ್ಲಿ ಕೆಲವರು ನಮ್ಮ ಗೇಟಿನಿಂದ ದೂರ ಸರಿದು ನಡೆದರು. ಕರುಣಾ ನರ್ಸರಿ ಶಾಲೆಯ ಕೆಲಸಕ್ಕೆ ಮರಳಿದಳು. ಹಗಲೆಲ್ಲ ನಾನೊಬ್ಬನೇ. ನನಗೆ ಅವಳು ವಹಿಸಿದ್ದು ಎರಡು ಕೆಲಸ. ಹನ್ನೆರಡು ಗಂಟೆಗೆ ಕುಕ್ಕರಿನಲ್ಲಿ ಅಕ್ಕಿ ಇಡುವುದು, ಅದರಿಂದ ಒಂದು ಹಿಡಿ ಮಡಕೆಗೆ ಹಾಕುವುದು. ಎರಡನೆಯದನ್ನು ನಾನೇ ಕೇಳಿ ಪಡೆದದ್ದು. ನಂಬಿಕೆಯಿಂದಲ್ಲ. ಅಮ್ಮನ ಕೈ ಇದ್ದ ಜಾಗದಲ್ಲಿ ನನ್ನ ಕೈ ಇರಲಿ ಎಂದು ಅಷ್ಟೆ.

ಆದರೆ ಹಿಡಿ ಹಾಕಿ ಕುಕ್ಕರ್ ಮುಚ್ಚಿ ಕೂತರೆ, ಐದು ನಿಮಿಷದಲ್ಲಿ ಅನುಮಾನ. ಹಾಕಿದೆನೇ? ಹಾಕಿದ್ದು ಇವತ್ತೇ, ನೆನ್ನೆಯೇ? ಜೀವಮಾನವಿಡೀ ಎರಡನೇ ಸಲ ಅಳೆದು ನೋಡಿ ಸಂಬಳ ತೆಗೆದುಕೊಂಡವನು ನಾನು. ಎದ್ದು ಹೋಗಿ ಮಡಕೆಯೊಳಗೆ ನೋಡಿದರೆ ಅಕ್ಕಿಯ ಮೇಲೆ ಇದು ಇವತ್ತಿನ ಹಿಡಿ ಎಂದು ಬರೆದಿರುವುದಿಲ್ಲ. ಇನ್ನೊಂದು ಹಿಡಿ ಹಾಕುತ್ತಿದ್ದೆ. ಮತ್ತೆ ಕೂರುತ್ತಿದ್ದೆ. ಮತ್ತೆ ಅನುಮಾನ.

ತಿಂಗಳ ಮೂಟೆ ಮೂರು ವಾರಕ್ಕೇ ಮುಗಿದಾಗ ಕರುಣಾಳಿಗೆ ಇಲಿಯ ಮೇಲೆ ಅನುಮಾನ ಬಂತು. ಒಂದು ಶನಿವಾರ ರಜೆಯಲ್ಲಿ ಮನೆಯಲ್ಲಿದ್ದು, ಒಂದೇ ಗಂಟೆಯಲ್ಲಿ ನಾನು ನಾಲ್ಕು ಸಲ ಅಡುಗೆಮನೆಗೆ ಹೋಗಿ ಬಂದದ್ದನ್ನು ನೋಡಿದಳು. ಆವತ್ತೇ ಆನಂದಪ್ಪ ಅಕ್ಕಿ ಒಯ್ಯಲು ಬಂದರು. ನಮ್ಮ ಚರ್ಚಿನ ಸಭೆಯ ಹಿರಿಯರು, ಸಾನಮಾವಿನ ಅಂಚಿನಲ್ಲಿ ರಾಗಿ ಬೆಳೆಯುವವರು, ಪ್ರತಿ ತಿಂಗಳು ಮೊಪೆಡ್ಡಿನಲ್ಲಿ ಮನೆಮನೆಗೆ ಹೋಗಿ ಅಕ್ಕಿ ಕೂಡಿಸುವುದು ಅವರ ಕೆಲಸ. ಅಮ್ಮ ಹೋದ ಮೇಲೆ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಮಡಕೆಗೆ ಕೈ ಹಾಕಿ ಎತ್ತಿದವರು ಹಾಗೇ ಇಳಿಸಿದರು.

"ಏನಮ್ಮ ಕರುಣಾ, ಇದ್ನ ಎತ್ತೋಕೆ ಎತ್ತೇ ಬೇಕಲ್ಲ."

"ನಮ್ಮನೆಯೋರಿಗೆ ಮರೆವು ಕಣಣ್ಣ. ದೇವ್ರಿಗೆ ಲಾಭ."

ಆಗ ನನಗೆ ಅರ್ಥವಾಯಿತು. ನಾಚಿಕೆಯಾಯಿತು. "ವಾಪಸ್ ತಗೊಂಡ್ಬಿಡು, ನಮಗೇ ಅಕ್ಕಿ ಇಲ್ಲ," ಅಂದೆ.

"ಹಾಕಿದ್ದು ಹಾಕಿದ್ದೇ," ಅಂದಳು. "ಈ ವಾರ ಎರಡು ಹೊತ್ತೂ ಮುದ್ದೆ ತಿನ್ನಣ."

ಆನಂದಪ್ಪ ಅಕ್ಕಿಯನ್ನು ಚೀಲಕ್ಕೆ ಸುರಿಯುತ್ತ ನಕ್ಕರು. "ನೆಪ್ಪಿರೋರೆಲ್ಲ ಹಿಡಿ ಅಂತ ಅರ್ಧ ಹಿಡಿ ಹಾಕ್ತಾರೆ. ನೆಪ್ಪಿಲ್ದೋನು ಮಡಕೆ ತುಂಬ್ಸವ್ನೆ. ಇರ್ಲಿ ಬುಡಪ್ಪ, ಇಂಥ ಕಾಯ್ಲೆ ಸಭೇಲಿ ಇನ್ನೊಬ್ಬಿಬ್ರಿಗೆ ಬಂದ್ರೆ ಒಳ್ಳೇದೆ." ಆ ವರ್ಷ ಅವರ ಹೊಲದ ಅರ್ಧ ರಾಗಿಯನ್ನು ಆನೆಗಳು ತಿಂದಿದ್ದವು. ಉಳಿದರ್ಧಕ್ಕೆ ಸ್ತೋತ್ರ ಎಂದು ಚರ್ಚಿನಲ್ಲಿ ಎದ್ದು ನಿಂತು ಹೇಳಿದ್ದ ಮನುಷ್ಯ. ಅವರು ಗೇಲಿ ಮಾಡಿದರೆ ಸಿಟ್ಟು ಬರುತ್ತಿರಲಿಲ್ಲ.

ಅವರೇ ಸಾಕ್ಷಿಯ ಮಾತು ತೆಗೆದದ್ದು. ನಮ್ಮಲ್ಲಿ ದೊಡ್ಡ ಕಾಯಿಲೆಯಿಂದ ಎದ್ದವರು ಸಭೆಯ ಮುಂದೆ ನಿಂತು, ದೇವರು ತಮಗೆ ಮಾಡಿದ್ದನ್ನು ಹೇಳಬೇಕು. ಅದನ್ನು ಸಾಕ್ಷಿ ಹೇಳುವುದು ಅನ್ನುತ್ತಾರೆ. ಬೆಳೆಯ ಪಾಲನ್ನು ಚರ್ಚಿಗೆ ತಂದೊಪ್ಪಿಸುವ ಸುಗ್ಗಿ ಹಬ್ಬದ ಭಾನುವಾರ ನಾನು ಹೇಳಬೇಕೆಂದು ಅವರ ಆಸೆ. ಅಷ್ಟರಲ್ಲಿ ಗಂಜಿಯ ಕತೆ ಸಭೆಯಲ್ಲಿ ಹರಡಿತ್ತು. ನಾನು ಅದನ್ನು ಕರುಣಾಳಿಗೆ ಹೇಳಿದ್ದೆ, ಅವಳು ಅಳುತ್ತ ಆನಂದಪ್ಪನವರ ಹೆಂಡತಿಗೆ ಹೇಳಿದ್ದಳು. ತೀರಿಹೋದ ತಾಯಿಯನ್ನು ದೇವರು ಮಗನ ಬಳಿಗೆ ಕಳಿಸಿ ಉಣಿಸಿದ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಭಾನುವಾರ ನನ್ನ ಕೈ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದರು.

ಅದನ್ನು ನಂಬುವುದು ನನಗೆ ಬೇಕಾಗಿತ್ತು. ಇದನ್ನು ಒಪ್ಪಿಕೊಳ್ಳುತ್ತೇನೆ. ದೇವರ ಸಲುವಾಗಿ ಅಲ್ಲ. ಕಾಯಿಲೆಗೆ ಮೊದಲು ಅಮ್ಮನೊಂದಿಗೆ ನಾನು ಆಡಿದ ಕೊನೆಯ ಮಾತು ಏನೆಂದು ಹುಡುಕಿದರೆ ಒಂದೂ ಒಳ್ಳೆಯ ಮಾತು ಸಿಗುತ್ತಿರಲಿಲ್ಲ. ತಲೆನೋವೆಂದಾಗ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಲು ಬಂದವಳಿಗೆ, "ಅದೆಲ್ಲ ಬೇಡ, ಲೈಟ್ ಆರ್ಸಿ ಹೋಗು," ಅಂದದ್ದು ನೆನಪಿದೆ. ಅದಾದ ಮೇಲೆ ಉಳಿದದ್ದು "ಮಿಕ್ಕಿದ್ದು ನೀನು ಕುಡಿ" ಒಂದೇ. ಅದೂ ಸುಳ್ಳಾದರೆ ನಾನು ಅವಳನ್ನು ಲೈಟ್ ಆರಿಸಲು ಹೇಳಿ ಕಳಿಸಿದವನಾಗಿಯೇ ಉಳಿಯುತ್ತೇನೆ.

ಆದರೆ ಅಭ್ಯಾಸ ಬಿಡಲಿಲ್ಲ. ಆಸ್ಪತ್ರೆಯ ಕಾಗದ ತೆಗೆದು ಓದಿದೆ. ಮೂಗಿನ ನಳಿಕೆ ತೆಗೆದದ್ದು ಇಪ್ಪತ್ತೆಂಟನೆಯ ದಿನ. ಅದಕ್ಕೆ ಮೊದಲು ನನ್ನ ಬಾಯಿಗೆ ಒಂದು ತೊಟ್ಟೂ ಹೋಗಿಲ್ಲ. ಅಮ್ಮ ಹೋದದ್ದು ಹದಿನಾರನೆಯ ದಿನ. ಎರಡು ಸಲ ಲೆಕ್ಕ ಹಾಕಿದೆ. ಕೆಂಪು ಗುರುತು ಹಾಕಬೇಕಾದ ನೆನಪು. ಹಾಗಾದರೆ ಆ ಕೈ ಯಾರದು?

ಸುಗ್ಗಿ ಹಬ್ಬಕ್ಕೆ ಹತ್ತು ದಿನವಿರುವಾಗ ತಪಾಸಣೆಗೆಂದು ಬೆಂಗಳೂರಿಗೆ ಹೋದೆವು. ಡಾಕ್ಟರರ ಕೋಣೆಯ ಮುಂದಿನ ಬೆಂಚಿನಲ್ಲಿ ಮೂರು ಗಂಟೆ ಕಾದು, ಐದು ನಿಮಿಷದಲ್ಲಿ ಹೊರಗೆ ಬಂದು, ನಾನು ನೇರ ವಾರ್ಡಿಗೆ ನಡೆದೆ. ಕರುಣಾ ಹಿಂದೆ ಬಂದಳು. ಬಾಗಿಲಲ್ಲಿ ಬಕೆಟ್ ಹಿಡಿದು ಬರುತ್ತಿದ್ದ ಐವತ್ತೈದರ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹನ್ನೊಂದು ಅಲ್ವಾ ನೀನು? ಎದ್ದು ಓಡಾಡ್ತಿದ್ದೀಯ. ಮಕ ಏನು ಹಿಂಗೆ ಉಬ್ಬೋಗದೆ?"

"ಮಾತ್ರೆಗೆ," ಅಂದೆ. ಕರುಣಾ ಅವಳ ಕೈ ಹಿಡಿದುಕೊಂಡು, "ಇವ್ರೇ ಪಾಪಮ್ಮ. ನಾಲ್ಕು ಸಲ ಸಾಯಿಸಿದ್ದು ಸಾಕು ಅಂದೋರು," ಅಂದಳು.

ನಾನು ಕೇಳಬೇಕಾದದ್ದನ್ನು ಕೇಳಿದೆ. ನಳಿಕೆ ತೆಗೆದ ಮೇಲೆ ಬೆಳಿಗ್ಗೆ ನನಗೆ ಗಂಜಿ ಕುಡಿಸುತ್ತಿದ್ದವರು ಯಾರು?

"ಇನ್ಯಾರು? ಡಾಕ್ಟ್ರು ರೌಂಡ್ಸಿಗೆ ಬರೋ ಹೊತ್ತಲ್ಲಿ ಕಡೆಯೋರನ್ನ ಬಿಡಲ್ಲ. ನಾನೇ ಕುಡಿಸ್ಬೇಕು. ಬಟ್ಲು ಮುಂದೆ ಹಿಡಿದ್ರೆ ನೀನು, ಅಮ್ಮ, ಚರ್ಚಿಂದ ಬಂದ್ಯಾ ಅಂತಿದ್ದೆ. ಎಷ್ಟು ದಿನ ಅಂತ ಅಲ್ಲ ಅಲ್ಲ ಅನ್ನಲಿ? ಒಂದಿನ ಬಂದೆ ಕಣಪ್ಪ ಅಂದೆ. ಗಂಜಿ ಆರೋಗ್ತಾ ಇತ್ತು." ಬಕೆಟ್ ಕೆಳಗಿಟ್ಟಳು. "ಅರ್ಧ ಕುಡಿದು ಅರ್ಧ ನಂಗೆ ಬಿಡ್ತಿದ್ದೆ. ಮಿಕ್ಕಿದ್ದು ನೀನು ಕುಡಿ ಅಂತ ಹಟ. ನೀನು ಕುಡಿದ್ರೇನೆ ನಾಳೆ ಬಾಯಿ ಬಿಡ್ತೀನಿ ಅಂತ. ಇಪ್ಪತ್ತು ವರ್ಸದಲ್ಲಿ ಯಾವ ಪೇಶಂಟೂ ನಂಗೆ ಹಂಗಂದಿಲ್ಲ."

"ಕುಡಿದ್ರಾ?" ಅಂದೆ.

"ಒಂದಿನ ಒಂದು ಗುಟುಕು ಕುಡಿದೆ. ಉಪ್ಪೇ ಇರ್ಲಿಲ್ಲ," ಅಂದು ನಕ್ಕಳು. ಚಮಚದ ಹಾಗೆ ಬೆರಳು ಮಡಚಿದ ಅವಳ ಕೈಯನ್ನು ನಾನು ನೋಡಿದೆ. ಅದೇ ಕೈ. ಅಮ್ಮನ ಕೈಗೂ ಅದಕ್ಕೂ ಯಾವ ಹೋಲಿಕೆಯೂ ಇರಲಿಲ್ಲ.

ಮನೆಯಿಂದ ಹೊರಡುವಾಗ ಕರುಣಾ ಬುತ್ತಿಗೆಂದು ಕಟ್ಟಿದ್ದ ಚಿತ್ರಾನ್ನದ ಡಬ್ಬಿಯನ್ನು ಪಾಪಮ್ಮನ ಕೈಗೆ ಕೊಟ್ಟಳು. ಉಪ್ಪು ಹಾಕಿದೀನಿ ಅಂದಳು. ಕೈ ಮುಗಿದು ಬಂದೆ.

ವಾಪಸು ಬರುವ ಬಸ್ಸು ಅತ್ತಿಬೆಲೆಯ ಹತ್ತಿರ ರಸ್ತೆ ಕೆಲಸಕ್ಕೆ ನಿಂತಿತು. ನಡು ಮಧ್ಯಾಹ್ನ. ಧೂಳು ಒಳಗೆ ಬರುತ್ತಿತ್ತು. ನಾನು ಕಿಟಕಿಯ ಕಡೆ ಮುಖ ಮಾಡಿ, "ಅಮ್ಮನಿಗೆ ಒಂದು ಒಳ್ಳೆ ಮಾತೂ ಹೇಳ್ಲಿಲ್ಲ ನಾನು," ಅಂದೆ.

ಕರುಣಾ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ಆಮೇಲೆ, "ಅವ್ರು ಬಂದಿದ್ರಲ್ಲ, ಒಂಬತ್ತನೇ ದಿನ. ನಾನು ನಿಮಗೆ ಪೂರ್ತಿ ಹೇಳಿಲ್ಲ," ಅಂದಳು.

"ಏನಂದೆ ನಾನು ಅಮ್ಮಂಗೆ?"

"ಏನೂ ಅನ್ಲಿಲ್ಲ. ನಿಮಗೆ ಗುರ್ತೇ ಸಿಗ್ಲಿಲ್ಲ. ಅತ್ತೆ ನಿಮ್ಮ ಹೆಸರು ಹಿಡಿದು ಎರಡು ಸಲ ಕರೆದ್ರು. ನೀವು ಯಾರನ್ನೋ ನೋಡೋ ಹಂಗೆ ನೋಡಿದ್ರಿ. ಅವ್ರು ಹಂಗೇ ನಿಂತಿದ್ರು, ಕಾಲು ನೋವು ಬೇರೆ. ಆಮೇಲೆ ನೀವು ಮಂಚದ ಮೇಲೆ ಕಾಲು ಮಡಚಿ, ಗೋಡೆ ಕಡೆ ಸರಿದ್ರಿ. ಕೂತ್ಕೊಳ್ಳಿ ಅಂತ ಕೈಲಿ ತೋರ್ಸಿದ್ರಿ. ಡ್ರಿಪ್ ಹಾಕಿದ್ದ ಕೈ ಅದು. ಸೂಜಿ ಎಳೆದು ರಕ್ತ ಬಂತು. ಅತ್ತೆ ಕೂತ್ರು. ನೀವು ನಿದ್ದೆ ಹೋದ್ರಿ."

ಬಸ್ಸು ಸ್ವಲ್ಪ ಮುಂದೆ ಹೋಗಿ ಮತ್ತೆ ನಿಂತಿತು.

"ಹೊರಗೆ ಬಂದು ಅಳ್ತಾರೇನೋ ಅಂತ ನಾನು ಹೆದರಿದ್ದೆ. ಅವ್ರು ನನ್ನ ಚಾಪೆ ಮೇಲೆ ಕೂತು, ಗುರ್ತಿಲ್ದಿರೋ ಮುದುಕಿಗೆ ಜಾಗ ಬುಟ್ಟ ಕಣಮ್ಮ, ತಲೆ ಕೆಟ್ರೂ ಒಳಗಿರೋದು ಕೆಟ್ಟಿಲ್ಲ, ಸ್ತೋತ್ರ, ಅಂದ್ರು. ಸಾಯಂಕಾಲ ಮನೆಗೆ ಹೋಗಿ ಮೆಟ್ಟಿಲ ಕೆಳಗಿಂದ ಮಡಕೆ ಈಚೆಗೆ ತೆಗೆದವ್ರೆ. ಫೋನಲ್ಲಿ ನಂಗೆ ಹೇಳಿದ್ರು. ಅವ್ನು ಬಂದು ಬೈದ್ರೆ ಬೈಲಿ, ಬೈಯೋಕಾದ್ರೂ ಬರ್ಲಿ ಅಂತ."

"ಯಾಕೆ ಇಷ್ಟು ದಿನ ಹೇಳ್ಲಿಲ್ಲ?"

"ಹೆತ್ತ ತಾಯಿ ಗುರ್ತು ಸಿಗ್ಲಿಲ್ಲ ಅಂತ ಹೆಂಗೆ ಹೇಳ್ಲಿ ರೀ? ನೀವು ಗಂಜಿ ನೆನೆಸ್ಕೊಂಡು ಸಮಾಧಾನವಾಗಿದ್ರಿ."

ಏಳು ದಿನ ಅಮ್ಮ ತನ್ನೊಬ್ಬಳ ಅನ್ನಕ್ಕೆ ಅಳೆದ ಅಕ್ಕಿಯಲ್ಲಿ ಹಿಡಿ ತೆಗೆದಿಟ್ಟಿದ್ದಳು. ನಾನು ಮನೆಗೆ ಬಂದಾಗ ಮಡಕೆಯಲ್ಲಿದ್ದ ಅಕ್ಕಿ ಅದು. ಅದರ ಮೇಲೆ ನಾನು ನನ್ನ ಮರೆವಿನ ಹಿಡಿಗಳನ್ನು ಸುರಿದಿದ್ದೆ. ಎರಡೂ ಬೆರೆತು ಆನಂದಪ್ಪನವರ ಚೀಲಕ್ಕೆ ಹೋಗಿದ್ದವು. ಯಾರ ಮನೆಯಲ್ಲೋ ಬೆಂದು ಅನ್ನವಾಗಿದ್ದವು. ಅದನ್ನು ಈಗ ಬೇರ್ಪಡಿಸಿ ನೋಡುವ ಹಾಗಿರಲಿಲ್ಲ. ನಾನು ಬಸ್ಸಿನಲ್ಲಿ ಅತ್ತೆ. ಇದು ನನಗೆ ನೆನಪಿದೆ, ಕರುಣಾ ಸಾಕ್ಷಿ ಇದ್ದಾಳೆ.

ಸುಗ್ಗಿ ಹಬ್ಬದ ದಿನ ಬಲಿಪೀಠದ ಮುಂದೆ ಕುಂಬಳಕಾಯಿ, ಬಾಳೆಗೊನೆ, ಕೋಸು, ಆನಂದಪ್ಪನವರ ರಾಗಿ ತೆನೆಯ ಕಟ್ಟು, ಅಕ್ಕಿಯ ಚೀಲಗಳು. ನನ್ನನ್ನು ಕರೆದರು. ಮುಂದಿನ ಸಾಲಿನ ಹೆಂಗಸರು ಆಗಲೇ ಸೆರಗಿನ ತುದಿ ಕೈಗೆ ತೆಗೆದುಕೊಂಡಿದ್ದರು.

ನಾನು ಹೇಳಿದ್ದು ಇಷ್ಟು. ತೀರಿಹೋದ ನನ್ನ ತಾಯಿ ಬಂದು ಗಂಜಿ ಕುಡಿಸಲಿಲ್ಲ. ಪಾಪಮ್ಮ ಎಂಬ ಆಯಾ ಕುಡಿಸಿದಳು. ನಮ್ಮ ಚರ್ಚನ್ನು ಅವಳು ಕಂಡಿಲ್ಲ. ನನ್ನ ತಾಯಿ ಬಂದದ್ದು ಬದುಕಿದ್ದಾಗ, ಒಂದೇ ಸಲ. ಆಗ ನನಗೆ ಅವಳ ಗುರುತು ಸಿಗಲಿಲ್ಲ. ಆದರೂ ಅವಳು ಸ್ತೋತ್ರ ಹೇಳಿ ಮನೆಗೆ ಹೋದಳು. ಎಲ್ಲ ಅನುಕೂಲ ಇದ್ದಾಗ ನಾನು ಮೂಟೆ ಕಳಿಸುವುದನ್ನು ಮರೆತೆ, ಅವಳು ಎಲ್ಲ ಕಳೆದುಕೊಂಡ ದಿನ ಮಡಕೆ ಹುಡುಕಿ ತೆಗೆದಳು. ನನ್ನ ಜೀವ ಉಳಿಸಿದ್ದು ದೇವರೋ ಔಷಧಿಯೋ ಎಂದು ನಾನು ಅಳೆದು ಹೇಳಲಾರೆ, ನನ್ನ ಅಳತೆಯನ್ನೇ ನಾನು ಈಗ ನಂಬುವುದಿಲ್ಲ. ಅಮ್ಮ ಆವತ್ತು ಹೇಳಿದ ಸ್ತೋತ್ರವನ್ನು ಮಾತ್ರ ಇಲ್ಲಿ ಮತ್ತೊಮ್ಮೆ ಹೇಳುತ್ತೇನೆ. ಅಷ್ಟು ಹೇಳಿ ಕೂತೆ.

ಕೆಲವರಿಗೆ ನಿರಾಸೆಯಾಗಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಆನಂದಪ್ಪ ಪಕ್ಕಕ್ಕೆ ಬಂದರು.

"ಪವಾಡ ಇಲ್ದೆ ಸಾಕ್ಷಿ ಹೇಳಿದ್ದು ನೀನೊಬ್ನೇ ಕಣಪ್ಪ," ಅಂದರು. ಸ್ವಲ್ಪ ತಡೆದು, "ನಿಮ್ಮಮ್ಮ ಇದ್ದಿದ್ರೆ ಬೈತಿದ್ರು. ಆಮೇಲೆ ನಕ್ಬುಡೋರು," ಅಂದರು.

ಮಾತ್ರೆಗಳು ಮುಗಿದು ಈಗ ವರ್ಷಗಳಾದವು. ಕೆಲಸಕ್ಕೆ ಮರಳಿದ್ದೇನೆ, ಗೇಜು ಹಿಡಿಯುವ ಕೆಲಸವಲ್ಲ, ಉಗ್ರಾಣದ್ದು. ಪಾಪಮ್ಮನನ್ನು ಎರಡು ಸಲ ನೋಡಿಬಂದೆವು, ಮೂರನೇ ಸಲ ಹೋದಾಗ ಅವಳು ಕೆಲಸ ಬಿಟ್ಟಿದ್ದಳು. ಹೊಸ ಸಂಗತಿಗಳು ಇಂದಿಗೂ ನನ್ನಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ದೇವರ ಮೇಲಿನ ನಂಬಿಕೆಯೂ ಹಾಗೆಯೇ, ಬೆಳಿಗ್ಗೆ ಇದ್ದದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ರಜೆಯ ದಿನ ಅಡುಗೆಮನೆಯ ಹಿಡಿ ನನ್ನದು. ಹಾಕಿದ ಕೂಡಲೇ ಕ್ಯಾಲೆಂಡರಿನಲ್ಲಿ ಗೀಟು ಎಳೆಯಿರಿ, ಅನುಮಾನವೇ ಬರುವುದಿಲ್ಲ ಎಂದು ಕರುಣಾ ಒಂದು ಪೆನ್ಸಿಲನ್ನು ದಾರ ಕಟ್ಟಿ ಗೋಡೆಗೆ ತೂಗುಹಾಕಿದ್ದಾಳೆ.

ನಾನು ಇನ್ನೂ ಒಂದು ಗೀಟೂ ಎಳೆದಿಲ್ಲ. ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದಾಗ ಎದ್ದು ಹೋಗಿ ಇನ್ನೊಂದು ಹಿಡಿ ಹಾಕುತ್ತೇನೆ.